ನೀವು ಯಾರ ಪೈಕಿ?

ರಜೆ ಬಂತೆಂದರೆ ಗೋಕಾಕದ ನಮ್ಮ ಮನೆಗೆ ಒಬ್ಬಿಬ್ಬರಾದರೂ ವೈದ್ಯಕೀಯ ವಿದ್ಯಾರ್ಥಿಗಳು ಬಂದು ಕೂಡುತ್ತಾರೆ. ಅರಭಾವಿಯ ಹುಡುಗ, ನಿಡಸೋಸಿ ಕಡೆಯ ಹುಡುಗಿ, ಹೀಗೆ. ಎಲ್ಲರದೂ ಒಂದೇ ಪ್ರಶ್ನೆ. ಮುಂದಿನ ತಿಂಗಳು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಲಿಕೆಯ ಪೋಸ್ಟಿಂಗ್ ಇದೆ, ಏನು ಓದಿಕೊಂಡು ಹೋಗಬೇಕು? ನಿವೃತ್ತನಾಗಿ ಕುಳಿತ ಡಾಕ್ಟರು ಪುಕ್ಕಟೆ ಸಿಗುತ್ತಾನೆ. ಪುಕ್ಕಟೆ ಸಲಹೆಯ ಯೋಗ್ಯತೆ ಏನೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಅವರು ಕೇಳುತ್ತಾರೆ, ನಾನು ಹೇಳುತ್ತೇನೆ.

ಮೊದಲು ಹುರುಪಿನಿಂದ ಹೇಳುತ್ತಿದ್ದೆ. ಈಗ ಒಂದು ಜಾಗಕ್ಕೆ ಬಂದ ಕೂಡಲೇ ಮಾತು ನಿಂತುಹೋಗುತ್ತದೆ. ಮುದುಕನಿಗೆ ಮರೆವು ಬಂತು ಎಂದು ಹುಡುಗರು ತಿಳಿದುಕೊಂಡು ಎದ್ದು ಹೋಗುತ್ತಾರೆ. ಮರೆವು ಬಂದಿದ್ದರೆ ಒಳ್ಳೆಯದೇ ಆಗುತ್ತಿತ್ತು. ಯಾಕೆ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ನನ್ನ ನೌಕರಿಯೆಲ್ಲ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಲೇ ಮುಗಿಯಿತು. ಯಾವ ಘಟನೆ ಯಾವ ದವಾಖಾನೆಯಲ್ಲಿ ನಡೆಯಿತು ಎಂದು ಬರೆಯುವುದಿಲ್ಲ. ಅಲ್ಲಿ ಈಗಲೂ ಹೊಟ್ಟೆಪಾಡಿಗೆ ದುಡಿಯುವವರಿದ್ದಾರೆ. ಬಡ್ತಿಯ ಕಥೆಯನ್ನೂ ಬರೆಯುವುದಿಲ್ಲ. ಬಡ್ತಿ ಬಂದಾಗ ನನ್ನ ಕುರ್ಚಿ ಬದಲಾಯಿತೇ ಹೊರತು ಎದುರಿಗಿದ್ದ ಹಾಸಿಗೆ ಬದಲಾಗಲಿಲ್ಲ.

ನನ್ನ ಮೊದಲ ಹಿರಿಯ ವೈದ್ಯರು ಮಹಾ ಸಿಡುಕರು. ಬೆಳಿಗ್ಗೆ ಬಂದವರೇ ಯಾರಿಗೂ ನಮಸ್ಕಾರ ಮಾಡಗೊಡದೆ, ರೋಗಿಯ ಗಂಟಲಿನ ಜೊಲ್ಲು ಎಳೆಯುವ ಸಕ್ಷನ್ ಯಂತ್ರದ ಮುಂದೆ ನಮ್ಮನ್ನು ನಿಲ್ಲಿಸುತ್ತಿದ್ದರು. ಬಟ್ಟಲಲ್ಲಿ ನೀರಿಟ್ಟು ಎಳೆದು ತೋರಿಸಬೇಕು. ‘ಸರಿ ಐತ್ರಿ’ ಎಂದು ಬಾಯಲ್ಲಿ ಹೇಳಿದರೆ ನಡೆಯುತ್ತಿರಲಿಲ್ಲ. ನನ್ನ ಜೊತೆಯ ಒಬ್ಬ ವೈದ್ಯ ಒಂದು ದಿನ ಹಾಗೆ ಬಾಯಲ್ಲೇ ಹೇಳಿ ಪಾರಾದ. ಅದೇ ದಿನ ಬಾಯಿಂದ ನೊರೆ ಸುರಿಯುವ ಒಬ್ಬನನ್ನು ಟ್ರ್ಯಾಕ್ಟರಿನಲ್ಲಿ ತಂದರು. ಯಂತ್ರ ಗುರ್ ಎಂದಿತು, ಎಳೆಯಲಿಲ್ಲ. ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ನಾವು ಅವನನ್ನು ಮಗ್ಗುಲಿಗೆ ಹೊರಳಿಸಿ ಬಟ್ಟೆಯಿಂದ ಬಾಯಿ ಒರೆಸುತ್ತ ಉಳಿದೆವು, ಅವನು ಉಳಿಯಲಿಲ್ಲ. ಆ ಸಿಡುಕ ಹಿರಿಯರು ಅಂದು ಬೈಯಲಿಲ್ಲ. ನನ್ನ ಜೊತೆಗಾರನನ್ನು ಆ ಹೆಣದ ಕಾಲ ಬಳಿ ಕೂಡಿಸಿ, ಮನೆಯವರೆಲ್ಲ ಬಂದು ಅತ್ತು ಮುಗಿಸುವ ತನಕ ಏಳಬಾರದೆಂದರು. ಅವನು ಮುಂದೆ ಕಣ್ಣಿನ ಡಾಕ್ಟರಾದ.

ಹಾಗಾಗಿ ಪೋಸ್ಟಿಂಗಿಗೆ ಹೊರಟವರಿಗೆ ನನ್ನ ಮೊದಲ ಮಾತು ಇದೇ. ಔಷಧಗಳ ಹೆಸರು ಆಮೇಲೆ ಓದಿ. ಹೋದ ದಿನವೇ ಆ ಕೋಣೆಯಲ್ಲಿ ಯಾವುದು ಎಲ್ಲಿದೆ, ಯಾವುದು ನಡೆಯುತ್ತದೆ, ಯಾವುದು ಬರೀ ಶೋಕಿಗೆ ನಿಂತಿದೆ ಎಂದು ಕೈಯಿಂದ ಮುಟ್ಟಿ ನೋಡಿ.

ಪದ್ಧತಿಗಳು ಬದಲಾಗಿವೆ. ನಾವು ಸೇರಿದ ಕಾಲಕ್ಕೆ ವಿಷ ಕುಡಿದವರು ಬಂದರೆ ಮೊದಲು ಮೂಗಿನಲ್ಲಿ ನಳಿಕೆ ಇಳಿಸಿ ಹೊಟ್ಟೆ ತೊಳೆಯುವುದೇ ದೊಡ್ಡ ಕೆಲಸ. ಸೀಮೆಎಣ್ಣೆ ಕುಡಿದ ಕೂಸುಗಳಿಗೂ ತೊಳೆದು, ಅದು ಪುಪ್ಪುಸಕ್ಕೆ ಹೋಗಿ, ನಾವೇ ಕೊಂದದ್ದುಂಟು ಎಂದು ಹಿರಿಯರು ಹೇಳುತ್ತಿದ್ದರು. ಈಗ ಮೊದಲು ಉಸಿರಿನ ದಾರಿ, ಆಮೇಲೆ ಮಿಕ್ಕದ್ದು. ಆದರೆ ಮನೆಯವರ ಪದ್ಧತಿ ಬದಲಾಗಿಲ್ಲ. ಇವತ್ತಿಗೂ ದಾರಿಯಲ್ಲಿ ಉಪ್ಪುನೀರು ಕುಡಿಸಿಯೇ ತರುತ್ತಾರೆ. ಇವತ್ತಿಗೂ ವಿಷವೆಂದು ಹೇಳುವುದಿಲ್ಲ. ಪೊಲೀಸರು ಬಂದಾರು, ಮನೆತನದ ಮರ್ಯಾದೆ ಹೋದೀತು. ಸೊಸೆ ಕಬ್ಬಿಗೆ ಹೊಡೆಯುವ ಎಣ್ಣೆ ಕುಡಿದಿದ್ದರೂ ಅತ್ತೆ ‘ಗ್ಯಾಸ್ ಆಗೇತ್ರಿ’ ಎನ್ನುತ್ತಾಳೆ. ನಮ್ಮ ಭಾಗದಲ್ಲಿ ಗ್ಯಾಸಿನಿಂದ ಸತ್ತಷ್ಟು ಜನ ಇನ್ನಾವುದರಿಂದಲೂ ಸತ್ತಿಲ್ಲ.

ಹಾಗಾದರೆ ಸತ್ಯ ಹೊರಗೆ ಬರುವುದು ಹೇಗೆ? ಅಲ್ಲಿಗೆ ಬರುತ್ತೇನೆ.

ನಮ್ಮ ಕಡೆ ತುರ್ತು ವಿಭಾಗಕ್ಕೆ ಬಂದ ಹಿರಿಯ ಮನುಷ್ಯ ಡಾಕ್ಟರಿಗೆ ಕೇಳುವ ಮೊದಲ ಪ್ರಶ್ನೆ ರೋಗಿ ಉಳಿಯುತ್ತಾನೋ ಇಲ್ಲವೋ ಎಂದಲ್ಲ. ‘ಸಾಹೇಬ್ರ, ನೀವ ಯಾವೂರಾವ್ರು? ಯಾರ ಪೈಕಿ?’ ಇದರಲ್ಲಿ ಯಾವಾಗಲೂ ಕೆಟ್ಟ ಬುದ್ಧಿ ಇರುತ್ತದೆ ಎನ್ನಲಾರೆ. ಜೀವ ಒಪ್ಪಿಸುವವನಿಗೆ ಒಂದು ಸಂಬಂಧದ ಎಳೆ ಬೇಕು. ಅಜ್ಜಿಯ ತವರೂರಿನವನು, ಭಾವನ ನೆಂಟ, ನಮ್ಮ ಮಠದ ಭಕ್ತ, ಏನಾದರೂ ಒಂದು. ಎಳೆ ಸಿಕ್ಕರೆ ಬಾಯಿ ಬಿಡುತ್ತಾರೆ.

ನನ್ನಲ್ಲಿ ಆ ಎಳೆ ಇರಲಿಲ್ಲ. ನನ್ನಪ್ಪ ಹುಕ್ಕೇರಿ ತಾಲೂಕಿನ ಹೊಲಗಳಲ್ಲಿ ಕೂಲಿ ಮಾಡಿದವನು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಹೊಸದರಲ್ಲಿ ನಾನು ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತಿದ್ದೆ, ಯಾಕೆ ಮುಚ್ಚಿಡಬೇಕು ಎಂಬ ಹಟ. ಒಮ್ಮೆ ಕಬ್ಬಿನ ಟ್ರಾಲಿ ಮೈಮೇಲೆ ಹೋದ ಒಬ್ಬನನ್ನು ತಂದರು. ಎದೆಯಲ್ಲಿ ಗಾಳಿ ತುಂಬಿತ್ತು, ಅದನ್ನು ಹೊರಬಿಡಲು ನಾನು ಸೂಜಿ ಕೈಗೆತ್ತಿಕೊಂಡಿದ್ದೆ. ಅವನ ಕಾಕಾ ಬಾಜೂ ನಿಂತು ಆ ಪ್ರಶ್ನೆ ಕೇಳಿದ. ನಾನು ಹೇಳಿದೆ. ಆತ ತಲೆಯಾಡಿಸಿದ, ಕೆಟ್ಟ ಮಾತು ಒಂದೂ ಆಡಲಿಲ್ಲ. ಹೊರಗೆ ಹೋಗಿ ನಾಲ್ಕು ಜನರನ್ನು ಕರೆತಂದು, ನಮ್ಮವರ ದವಾಖಾನೆಗೆ ಒಯ್ಯುತ್ತೇವೆ ಎಂದು ಕೈ ಮುಗಿದು, ಬಂದ ಟೆಂಪೋದಲ್ಲೇ ಎತ್ತಿಕೊಂಡು ಹೋದ. ಗಾಯಾಳು ದಾರಿಯಲ್ಲೇ ತೀರಿಕೊಂಡನೆಂದು ಟೆಂಪೋದವನು ಮರುದಿನ ಹೇಳಿದ. ಅಂದು ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಆಮೇಲಿಂದ ಆ ಪ್ರಶ್ನೆ ಬಂದಾಗ ಕಿವುಡನಾಗುವುದನ್ನು ಕಲಿತೆ.

ಸುಜಾತಾ ಬಂದದ್ದು ನನ್ನ ನೌಕರಿಯ ಕೊನೆಯ ವರ್ಷದಲ್ಲಿ. ಕಲ್ಲೋಳಿಯವಳು. ಅಪ್ಪ ಒಕ್ಕಲುತನದ ಜೊತೆ ಕಂಬಳಿ ವ್ಯಾಪಾರ ಮಾಡುತ್ತಿದ್ದ, ದೊಡ್ಡಪ್ಪಂದಿರು ಇನ್ನೂ ಕುರಿ ಹಿಂಡಿನ ಹಿಂದೆ ಊರೂರು ಅಲೆಯುತ್ತಿದ್ದರು. ಆ ಮನೆತನದಲ್ಲಿ ಡಾಕ್ಟರಿಕೆಗೆ ಹೋದ ಮೊದಲ ಹುಡುಗಿ. ರಜೆ ಮುಗಿದ ಮೇಲೆ ತುರ್ತು ವಿಭಾಗದ ಪೋಸ್ಟಿಂಗ್ ಇತ್ತು. ಅಲ್ಲಿ ಹೋಗಿ ತಡವರಿಸಬಾರದು, ಅದಕ್ಕೆ ಮೊದಲೇ ನಿಮ್ಮ ಕೈಕೆಳಗೆ ನಿಂತು ನೋಡುತ್ತೇನೆ ಎಂದಳು. ದವಾಖಾನೆಯ ದೊಡ್ಡವರಿಂದ ಒಪ್ಪಿಗೆಯನ್ನೂ ತಂದಿದ್ದಳು. ಈ ಕೆಲಸವನ್ನೇ ಮುಂದೆಯೂ ಮಾಡುವ ಆಸೆ ಅವಳಿಗೆ. ಚರ್ಮ, ಕಣ್ಣು, ಎಕ್ಸ್‌ರೇ ಎಂದು ಎಲ್ಲರೂ ಓಡುವಾಗ ಒಬ್ಬಳು ಬಂದು ನನಗೆ ಇದೇ ಬೇಕು ಎಂದರೆ ಮುದುಕನಿಗೆ ಖುಷಿಯಾಗದೆ ಇರುತ್ತದೆಯೇ? ನಾನು ಉಬ್ಬಿಹೋದೆ.

ಒಳ್ಳೆಯ ತಯಾರಿ ಮಾಡಿದಳು. ಸಕ್ಷನ್ ಯಂತ್ರವನ್ನು ದಿನಾ ಬಿಚ್ಚಿ ಜೋಡಿಸಿದಳು. ಗಂಟಲಿನ ಕೊಳವೆ ಇಳಿಸುವ ಸಲಕರಣೆಯ ದೀಪ ಹತ್ತುತ್ತದೆಯೋ ಎಂದು ನೋಡುವುದು, ಕೂಸಿನ ವಯಸ್ಸಿನಿಂದ ತೂಕ ಅಂದಾಜು ಮಾಡಿ ಔಷಧ ಹೇಳುವುದು, ಮಾತಿಗಿಂತ ಮೊದಲು ಉಸಿರು ಎಣಿಸುವುದು, ಎಲ್ಲ ರೂಢಿಯಾಯಿತು. ನಾನು ತಪ್ಪು ಹಿಡಿಯಬೇಕೆಂದೇ ಪ್ರಶ್ನೆ ಕೇಳುತ್ತಿದ್ದೆ, ಸಿಗುತ್ತಿರಲಿಲ್ಲ. ಕೊನೆಗೆ, ಯಾವ ಪುಸ್ತಕದಲ್ಲೂ ಇಲ್ಲದ ಪಾಠ ಹೇಳಿಕೊಟ್ಟೆ. ನಿನಗೆ ನನಗಿಲ್ಲದ ಒಂದು ಅನುಕೂಲವಿದೆ, ಈ ಸುತ್ತಿನ ಅರ್ಧ ಜನ ನಿನ್ನವರೇ, ಅವರು ಬಾಯಿ ಕಟ್ಟಿಕೊಂಡು ನಿಂತಾಗ ‘ನಾ ನಿಮ್ಮಾಕಿ’ ಎಂದು ಹೇಳು, ನಾಚಬೇಡ ಎಂದೆ.

ಅವಳು ಕೇಳಿದಳು. “ಕೆಲಸಾ ಆಗ್ಲಿ ಅಂತ ಹಂಗ ಅಂದ್ರ, ಮೋಸಾ ಮಾಡಿದಂಗ ಆಗಾಂಗಿಲ್ರಿ ಸರ್?”

“ನೀ ಅನ್ನೂದು ಖರೇನ ಐತೆಲ್ಲವಾ” ಎಂದೆ.

ಮಾಳು ಎಂಬ ಹುಡುಗನನ್ನು ತಂದದ್ದು ಒಂದು ಮಧ್ಯಾಹ್ನ. ಮೂರು ವರ್ಷದ ಆಸುಪಾಸು. ಅಜ್ಜಿ ಎತ್ತಿಕೊಂಡಿದ್ದಳು, ತಾಯಿ ಹಿಂದೆ ಓಡುತ್ತ ಬಂದಳು. ಗಂಡಸರೆಲ್ಲ ಹಿಂಡಿನ ಜೊತೆ ಮಹಾರಾಷ್ಟ್ರದ ಕಡೆ ಹೋಗಿದ್ದರು. ಹುಡುಗನಿಗೆ ಹೆಣ್ಣುಮಕ್ಕಳ ಹಾಗೆ ಉದ್ದ ಕೂದಲು, ಬಿಗಿಯಾದ ಜಡೆ. ಅಜ್ಜಿ ದೃಷ್ಟಿಯಾಗಿದೆ ಎಂದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಎದೆಯಲ್ಲಿ ಗೊರಗೊರ ಸದ್ದು, ಕಣ್ಣಪಾಪೆ ಸಾಸಿವೆಗಿಂತ ಸಣ್ಣ. ಸುಜಾತಾ ಆಗಲೇ ಸಕ್ಷನ್ ನಳಿಕೆ ಹಿಡಿದು ನಿಂತಿದ್ದಳು. ಕ್ರಿಮಿನಾಶಕದ ವಿಷ ಎಂದು ನಮ್ಮಿಬ್ಬರಿಗೂ ತಿಳಿಯಿತು. ಬಟ್ಟೆ ಬಿಚ್ಚಿಸಿ ಮೈ ತೊಳೆಸಿದೆವು. ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟೆ, ಮತ್ತೆ ಕೊಟ್ಟೆ. ಎದೆಯ ಕಫ ಒಣಗಿತು, ಹುಡುಗ ಕಣ್ಣು ಬಿಟ್ಟ. ಏನು ಕುಡಿದಿದ್ದಾನೆ ಎಂದು ಕೇಳಿದರೆ ಇಬ್ಬರೂ ಏನೂ ಇಲ್ಲ ಎಂದೇ ತಲೆ ಅಲ್ಲಾಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಗೊರಗೊರ. ಕೊಟ್ಟ ಔಷಧ ತೂತು ಕೊಡಕ್ಕೆ ನೀರು ಹಾಕಿದಂತೆ ಆಗುತ್ತಿತ್ತು.

ಆಮ್ಲಜನಕದ ಮುಖವಾಡ ಸರಿಪಡಿಸಲು ಬಾಗಿದ ಸುಜಾತಾ ಹಾಗೇ ನಿಂತಳು. ಜಡೆಯ ಬುಡಕ್ಕೆ ಮೂಗು ಒಡ್ಡಿದಳು, ನನ್ನತ್ತ ನೋಡಿದಳು. ನಾನೂ ಮೂಸಿದೆ. ವಿಷ ಹೊಟ್ಟೆಯಲ್ಲಿರಲಿಲ್ಲ, ತಲೆಯಲ್ಲಿತ್ತು.

ಅವಳು ಅಜ್ಜಿಯ ಮುಂದೆ ನೆಲದ ಮೇಲೆ ಕುಳಿತಳು. ತಾನೂ ಹಾಲುಮತದವಳೇ, ಕಲ್ಲೋಳಿಯ ಕಂಬಳಿ ವ್ಯಾಪಾರದವರ ಮಗಳು, ತನ್ನ ದೊಡ್ಡಪ್ಪಂದಿರ ಹಿಂಡೂ ಆ ಕಡೆಯೇ ಹೋಗಿದೆ ಎಂದು ಹೇಳಿದಳು. ಅಜ್ಜಿ ಅವಳ ಮುಖವನ್ನೇ ನೋಡುತ್ತ ಬಾಯಿ ಬಿಟ್ಟಳು. ಮನೆಯಲ್ಲಿ ಉಳಿದಿದ್ದ ನಾಲ್ಕು ಕುರಿಗಳಿಗೆ ಉಣ್ಣಿ ಹತ್ತಿತ್ತು, ಉಣ್ಣಿಯ ಔಷಧ ಕಲಸಿ ಮೈಗೆ ಹಚ್ಚಿದ್ದಳು. ಮೊಮ್ಮಗನ ತಲೆ ತುಂಬ ಹೇನು. ಕೂಸು ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಿತ್ತು. ಕುರಿಗೆ ಆಗುವುದು ಕೂಸಿಗೂ ಆದೀತೆಂದು ಮಿಕ್ಕಿದ್ದನ್ನು ಕೂದಲಿಗೆ ತಿಕ್ಕಿ, ಬಟ್ಟೆ ಕಟ್ಟಿ ಮಲಗಿಸಿದ್ದಳು. ಹೆದರಿದ ತಾಯಿ ದವಾಖಾನೆಗೆ ಹೊರಡುವಾಗ ಬಟ್ಟೆ ಬಿಚ್ಚಿ ಜಡೆ ಹಾಕಿದ್ದಳು.

ಕೂದಲು ತೆಗೆಯಲೇಬೇಕು ಎಂದೆ. ಅಜ್ಜಿ ಎದ್ದು ನಿಂತು ಹುಡುಗನ ತಲೆಯ ಮೇಲೆ ಎರಡೂ ಕೈ ಇಟ್ಟಳು. ಜಾವಳ ಆಗಿರಲಿಲ್ಲ. ಹುಟ್ಟುಗೂದಲನ್ನು ಮನೆದೇವರ ಮುಂದೆ, ಸೋದರಮಾವನ ತೊಡೆಯ ಮೇಲೆ ಕೂಡಿಸಿಯೇ ತೆಗೆಯಬೇಕು. ತೆಗೆದ ಕೂದಲು ನೆಲಕ್ಕೆ ಬೀಳದಂತೆ ಹಿಡಿದು ದೇವರಿಗೆ ಮುಟ್ಟಿಸಬೇಕು. ಸೋದರಮಾವ ಹಿಂಡಿನ ಜೊತೆಗಿದ್ದ, ಅದಕ್ಕೇ ಇಷ್ಟು ವರ್ಷ ತಡೆದಿತ್ತು. ತಾಯಿ ಅಣ್ಣನಿಗೆ ಫೋನ್ ಹಚ್ಚಿದಳು, ಹತ್ತಲಿಲ್ಲ. ನನ್ನ ತಾಳ್ಮೆ ಹೋಯಿತು. ಕೂಸು ಸಾಯುತ್ತಿದೆ, ನಿಮ್ಮ ಒಪ್ಪಿಗೆ ಯಾರಿಗೆ ಬೇಕು ಎಂದು ದನಿ ಏರಿಸಿದೆ. ಅಜ್ಜಿ ಹುಡುಗನನ್ನು ಎತ್ತಿಕೊಂಡು ಹೋಗಲು ಬಾಗಿದಳು. ಟ್ರಾಲಿಯ ಗಾಯಾಳುವನ್ನು ಎತ್ತಿಕೊಂಡು ಹೋದದ್ದು ನನ್ನ ಕಣ್ಣ ಮುಂದೆ ಬಂತು.

ಸುಜಾತಾ ಅಜ್ಜಿಯ ಕೈ ಹಿಡಿದುಕೊಂಡಳು. “ಆಯಿ, ಮಾವ ಬರೂತನಕಾ ಕೂಸು ತಾಳಾಂಗಿಲ್ಲ. ನಾ ನಿಮ್ಮಾಕಿ ಅದೇನಿ. ನನ್ನ ತೊಡಿ ಮ್ಯಾಲ ಕುಂಡ್ರಸ್ಕೋತೇನಿ. ಉಳಸ್ತೇನಿ ಅಂತ ಅನ್ನಾಂಗಿಲ್ಲ, ನಮ್ಮ ಕೈಲಾದಷ್ಟು ಮಾಡ್ತೇವಿ.”

ಅಜ್ಜಿ ಸೊಸೆಯ ಮುಖ ನೋಡಿದಳು, ಸುಜಾತಾಳ ಮುಖ ನೋಡಿದಳು. “ನಮ್ಮಾಕಿ ಅಂದಮ್ಯಾಗ ಆತು, ತಗೀರಿ” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ನಿಂತಳು.

ಸುಜಾತಾ ಕೈಗವಸು, ಏಪ್ರನ್ ಹಾಕಿಕೊಂಡು ಹುಡುಗನನ್ನು ತೊಡೆಯ ಮೇಲಿಟ್ಟುಕೊಂಡಳು. ಸಿಸ್ಟರು ಕತ್ತರಿಯಿಂದ ಜಡೆ ಕತ್ತರಿಸಿ, ನುಣ್ಣಗೆ ಬೋಳಿಸಿ, ಸಾಬೂನು ಹಚ್ಚಿ ಹಚ್ಚಿ ತೊಳೆದರು. ವಿಷ ಕುಡಿದ ಕೂದಲು ಮುಟ್ಟುವವರಿಗೂ ಅಪಾಯ. ಅದನ್ನು ದವಾಖಾನೆಯ ಅಪಾಯದ ಕಸಕ್ಕೆಂದೇ ಇರುವ ಹಳದಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಅದೇ ನಿಯಮ, ನಾನೇ ಎಲ್ಲರಿಗೂ ಕಲಿಸಿದ್ದು. ಈ ಸಲ ಕೊಟ್ಟ ಔಷಧ ಹಿಡಿಯಿತು. ಎದೆ ಒಣಗಿತು, ಹುಡುಗ ಅವ್ವಾ ಎಂದು ಅತ್ತ. ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದೆವು. ಹೊರಡುವಾಗ ಅಜ್ಜಿ ಸುಜಾತಾಳ ಗಲ್ಲ ಮುಟ್ಟಿ ನೆಟಿಗೆ ಮುರಿದಳು.

ಆ ಮಧ್ಯಾಹ್ನ ನನಗಾದ ಹೆಮ್ಮೆ ಸಣ್ಣದಲ್ಲ. ಇಡೀ ನೌಕರಿಯಲ್ಲಿ ನನ್ನಿಂದ ಆಗದ್ದನ್ನು ಈ ಹುಡುಗಿ ಒಂದು ಮಾತಿನಲ್ಲಿ ಮಾಡಿದಳು. ಇವಳು ತಯಾರಾದಳು ಎಂದುಕೊಂಡೆ.

ಮಾಳು ಬೆಳಗಾವಿಯಲ್ಲಿ ತೀರಿಕೊಂಡ. ಈ ವಿಷಕ್ಕೆ ಎರಡನೆಯ ಒಂದು ಪೆಟ್ಟು ಇದೆ. ಗುಣವಾಯಿತು ಎನ್ನುವಷ್ಟರಲ್ಲಿ ಕುತ್ತಿಗೆ ಎತ್ತಲು ಆಗುವುದಿಲ್ಲ, ಆಮೇಲೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ವೆಂಟಿಲೇಟರ್ ಹಾಕಿದ್ದರು, ಆಗಲಿಲ್ಲ. ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆ, ಸುಜಾತಾಗೂ ಅದು ಬಾಯಿಪಾಠ. ನಾವು ಮಾಡಿದ್ದೆಲ್ಲ ಸರಿಯೇ ಎಂದು ಅವಳಿಗೆ ಹೇಳಿದೆ. ಹೌದ್ರಿ ಸರ್ ಎಂದಳು. ಮರುದಿನವೂ ಬಂದು ಸಕ್ಷನ್ ಬಿಚ್ಚಿ ನೋಡಿದಳು.

ಮಣ್ಣು ಮಾಡಿ ಕೆಲವು ದಿನ ಕಳೆದ ಮೇಲೆ ತಾಯಿ ಬಂದಳು, ಜೊತೆಯಲ್ಲಿ ಅವಳ ಅಣ್ಣ. ಅಂದರೆ ಆ ಸೋದರಮಾವ. ನಾನು ಜಗಳಕ್ಕೆ ಬಂದರೆಂದೇ ತಿಳಿದೆ. ನಮ್ಮ ಕೆಲಸದಲ್ಲಿ ಮೇಜು ಕುರ್ಚಿ ಮುರಿಯುವವರನ್ನು ನೋಡಿ ರೂಢಿಯಿದೆ, ಕಾವಲಿನವನಿಗೂ ಕಣ್ಸನ್ನೆ ಮಾಡಿದ್ದೆ. ಅವರು ಜಗಳ ಮಾಡಲಿಲ್ಲ. ಅಣ್ಣ ಬಾಗಿಲ ಬಳಿಯೇ ಚಪ್ಪಲಿ ಬಿಟ್ಟು ನಿಂತ. ತಾಯಿ ನೇರ ಸುಜಾತಾಳ ಹತ್ತಿರ ಹೋದಳು.

“ಆ ಕೂದಲಾ ಕೊಡವಾ ತಂಗಿ. ಅದನ್ನರ ದೇವರಿಗೆ ಮುಟ್ಟಸ್ತೇವಿ. ಹಂಗ ಹೋದ್ರ ಕೂಸಿಗೆ ದಾರಿ ಸಿಗಾಂಗಿಲ್ಲ ಅಂತಾರ ಅತ್ತಿ. ಅವತ್ತಿನಿಂದ ಅವರು ಕೂಳ ಮುಟ್ಟಿಲ್ಲ.”

ಚೀಲ ಎಂದೋ ಹೋಗಿತ್ತು. ಕಸದ ಗಾಡಿ ಒಯ್ದು ಸುಟ್ಟಾಗಿತ್ತು. ನಾನು ಏನಾದರೊಂದು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಸುಜಾತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ವಿಷದ ಕೂದಲು ಇಡುವ ಹಾಗಿರಲಿಲ್ಲ ಎಂದೂ ಹೇಳಿದಳು. ತಾಯಿ ಅಳಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ನೀ ನಮ್ಮಾಕಿ ಅಂದಿದ್ದಿ” ಎಂದಳು. “ನಮ್ಮಾಕಿ ಆಗಿದ್ರ ಒಂದ ಎಳಿಯರ ತಗದ ಇಡತಿದ್ದಿ.”

ಇಬ್ಬರೂ ಹೋದರು. ಸುಜಾತಾ ಅಲ್ಲೇ ನಿಂತಿದ್ದಳು. ನಾನು ಆ ಹೊತ್ತಿಗೆ ನನಗೆ ತಿಳಿದ ಸಮಾಧಾನವನ್ನೆಲ್ಲ ಹೇಳಿದೆ. ನಿಯಮದ ಮಾತು, ವಿಷದ ಮಾತು, ಎಳೆ ಎತ್ತಿಟ್ಟಿದ್ದರೂ ಹುಡುಗ ಬರುತ್ತಿರಲಿಲ್ಲ ಎಂಬ ಮಾತು. ಅವಳಿಗೆ ಅದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊರಗಿನ ಡಾಕ್ಟರಿಗೆ ಆ ಕೂದಲು ಬರೀ ವಿಷ. ಆದರೆ ಜಾವಳದ ಕೂದಲು ಏನೆಂದು ಹುಟ್ಟಿದಂದಿನಿಂದ ಗೊತ್ತಿದ್ದವಳು ದವಾಖಾನೆಯ ನಮ್ಮ ಪೈಕಿ ಅವಳೊಬ್ಬಳೇ. ಒಂದು ಎಳೆಯನ್ನು ತೊಳೆದು, ಸೀಸೆಯಲ್ಲಿ ಮುಚ್ಚಿಟ್ಟು ಕೊಡಬಹುದಿತ್ತು. ಆ ಹೊತ್ತಿನಲ್ಲಿ ಅವಳು ಡಾಕ್ಟರಾಗಿದ್ದಳು, ಬೇರೇನೂ ಆಗಿರಲಿಲ್ಲ. ಅದು ತಪ್ಪು ಎಂದು ಯಾವ ಬಾಯಿಂದ ಹೇಳಲಿ? ಅದನ್ನೇ ಅಲ್ಲವೇ ನಾವು ಕಲಿಸುವುದು.

ರಜೆ ಮುಗಿದು ಪೋಸ್ಟಿಂಗಿಗೆ ಹೋದಳು. ಕೆಲವು ದಿನ ಬಿಟ್ಟು ಒಂದು ಫೋನ್ ಬಂತು. “ಸರ್, ಕೇಸ್ ಎಲ್ಲಾ ಬರ್ತಾವ್ರಿ, ಕೈ ನಡಗಾಂಗಿಲ್ಲ. ಮನಿಯವರ ಮುಂದ ನಿಂತ್ರ ಬಾಯಿ ಬರಾಂಗಿಲ್ರಿ.” ರೂಢಿಯಾಗ್ತೈತಿ ಬಿಡವಾ ಎಂದೆ. ರೂಢಿಯಾಗಲಿಲ್ಲ. ಆ ಪೋಸ್ಟಿಂಗಿನಲ್ಲಿ ಅವಳಿಗೇ ಎಲ್ಲರಿಗಿಂತ ಒಳ್ಳೆಯ ಅಂಕ ಬಂದವೆಂದು ಅವಳಪ್ಪ ಪೇಢೆ ತಂದುಕೊಟ್ಟ. ಡಾಕ್ಟರಾದ ಮೇಲೆ ಮುಂದಿನ ಓದಿಗೆ ಅವಳು ಆರಿಸಿಕೊಂಡದ್ದು ಲ್ಯಾಬಿನ ಕೆಲಸ. ದೂರದ ಊರಿನಲ್ಲಿ ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತ ನೋಡಿ ಬರೆದು ಕೊಡುತ್ತಾಳೆ. ಅದೂ ಬೇಕಾದ ಕೆಲಸವೇ. ಆದರೆ ನಮ್ಮ ಈ ಮೂರು ತಾಲೂಕುಗಳಿಗೆ ಬೇಕಾಗಿದ್ದ ಡಾಕ್ಟರು ಬರಲಿಲ್ಲ. ಇದು ನನಗೆ ಸಂಕಟದ ಮಾತೇ, ಸುಳ್ಳೇಕೆ ಹೇಳಲಿ.

ಮೊನ್ನೆ ಬಂದ ಹುಡುಗನಿಗೆ ಯಂತ್ರ, ಔಷಧ, ಉಸಿರು ಎಲ್ಲ ಹೇಳಿಕೊಟ್ಟು, ಸುಜಾತಾಳ ಕಥೆಯನ್ನೂ ಹೇಳಿದೆ. ಅವನು ಕೇಳಿದ. “ಹಂಗಾರ ನಾ ನಿಮ್ಮಾವ ಅಂತ ಹೇಳ್ಬೇಕೋ, ಹೇಳ್ಬಾರದೋ ಸರ್?” ಹೇಳು ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎನ್ನುವುದಾದರೆ, ಅಂಥದೇ ಇನ್ನೊಂದು ಕೂಸನ್ನು ತಂದಾಗ ಅದರ ತಲೆಯಲ್ಲಿ ವಿಷ ಹಾಗೇ ಉಳಿಯುತ್ತದೆ.